ಕೊನೆಯದು ಸಾಲಿಗೆ ಬರುವವರೆಗೆ

ಮೈಸೂರಿನಲ್ಲಿ ಬಿ.ಎಸ್‌ಸಿ. ಓದಿ, ಸಸ್ಯಶಾಸ್ತ್ರದ ಪ್ರಯೋಗ ಪರೀಕ್ಷೆಯಲ್ಲಿ ನಪಾಸಾಗಿ ನಾನು ಮಂಡ್ಯಕ್ಕೆ ವಾಪಸ್ಸು ಬಂದಾಗ ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಈರುಳ್ಳಿ ಬೇರಿನ ತುದಿಗೆ ಬಣ್ಣ ಹಾಕಿ, ಎರಡಾಗುತ್ತಿರುವ ಜೀವಕೋಶವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಬೇಕಿತ್ತು. ನಾನು ಗಾಬರಿಯಲ್ಲಿ ಒತ್ತಿದ ರಭಸಕ್ಕೆ ಕೋಶಗಳೆಲ್ಲ ಜಜ್ಜಿಹೋಗಿದ್ದವು. ಪರೀಕ್ಷಕರು ಬಗ್ಗಿ ನೋಡಿ ಪಕ್ಕದ ಮೇಜಿಗೆ ಹೋದರು.

ನಮ್ಮ ಮನೆ ಮಂಡ್ಯಕ್ಕೆ ಅಂಟಿದ ಗುತ್ತಲಿನಲ್ಲಿತ್ತು. ಅಪ್ಪ ಕಬ್ಬು ಬೆಳೆಯುತ್ತಿದ್ದರು.

"ಮದ್ದೂರಿನೋರು ಎಣ್ಣು ಕೇಳ್ತಾವ್ರೆ. ಓದಿದ್ದು ಸಾಕು ಬುಡವ್ವ" ಅಂದರು.

"ಓದಿದ್ರಲ್ಲಿ ಪೇಲಾಗಿಲ್ಲಪ್ಪ. ಕಣ್ಣಿಗೆ ತೋರ್ಸಕ್ಕಾಗ್ಲಿಲ್ಲ. ಇನ್ನೊಂದ್ಸಲ ಕೂತ್ಕತೀನಿ, ಆಮೇಲೆ ಅವ್ರು ಬರ್ಲಿ."

ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಗದ್ದೆಗೆ ಹೊರಟರು. ಬೇಡ ಅನ್ನಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಊರಾಚೆ ಕಬ್ಬಿನ ಹೊಸ ತಳಿ ಬೆಳೆಸುವ ತೋಟವೊಂದಿತ್ತು. ಅಲ್ಲೊಂದು ಸೂಕ್ಷ್ಮದರ್ಶಕ ಇದೆಯೆಂದು ಕೇಳಿದ್ದೆ. ಮಾರನೆಯ ದಿನವೇ ಹೋಗಿ ಅಲ್ಲಿನ ಅಧಿಕಾರಿಯ ಎದುರು ನಿಂತೆ. ನಡುವಯಸ್ಸಿನ, ಕಡಿಮೆ ಮಾತಿನ ಮನುಷ್ಯ.

"ಇಲ್ಲಿ ಹೆಣ್ಮಕ್ಕಳು ಕೆಲಸ ಮಾಡಿದ್ದಿಲ್ಲಮ್ಮ" ಅಂದರು.

"ಕೆಲಸ ಬೇಡ ಸಾರ್. ಸೂಕ್ಷ್ಮದರ್ಶಕ ಬೇಕು."

ಅವರು ನಕ್ಕರು. ಬೆಳಗಿನ ಹೊತ್ತು ತಾವು ಗದ್ದೆಯ ಮೇಲಿರುವುದಾಗಿಯೂ ಆಗ ಅದು ಸುಮ್ಮನೆ ಕೂತಿರುವುದಾಗಿಯೂ ಹೇಳಿದರು.

ಮನೆಯಲ್ಲಿ ಕಿಟಕಿಯಲ್ಲಿ ಸಾಲಾಗಿ ನೀರಿನ ಲೋಟಗಳನ್ನಿಟ್ಟು, ಒಂದೊಂದರ ಬಾಯಿಗೂ ಒಂದೊಂದು ಈರುಳ್ಳಿ ಕೂರಿಸಿದೆ. "ಲೋಟಾನೂ ನಿಂಗೆ, ಈರುಳ್ಳೀನೂ ನಿಂಗೆ. ಸಾರಿಗೇನಾಕ್ಲವ್ವ?" ಎಂದು ಅವ್ವ ಗೊಣಗಿದಳು. ಆದರೆ ಲೋಟಗಳ ನೀರು ಬದಲಾಯಿಸುತ್ತಿದ್ದವಳು ಅವಳೇ.

ಬಿಳಿ ಬೇರು ಇಳಿದ ಮೇಲೆ ತುದಿ ಕತ್ತರಿಸಿ, ಸ್ಪಿರಿಟ್ಟಿನಲ್ಲಿ ನೆನೆಸಿ, ಆಸಿಡ್ಡಿನಲ್ಲಿ ಮೆತ್ತಗೆ ಮಾಡಿ, ಕೆಂಪು ಬಣ್ಣ ಹಾಕಿ, ಎರಡು ಗಾಜಿನ ನಡುವೆ ಹೆಬ್ಬೆರಳಿನಿಂದ ಒತ್ತುತ್ತಿದ್ದೆ. ಎಷ್ಟೋ ಕೆಟ್ಟವು. ಬೆರಳು ಅಡ್ಡ ಜಾರದ ಹಾಗೆ ನೆಟ್ಟಗೆ ಒತ್ತುವುದು ರೂಢಿಯಾದ ಮೇಲೆ ಒಂದು ಬೆಳಿಗ್ಗೆ ಕಂಡಿತು. ವರ್ಣತಂತುಗಳು, ಅಂದರೆ ವಂಶದ ಗುಣ ಹೊತ್ತ ದಾರದ ತುಂಡಿನಂಥವು, ಕೋಶದ ನಡುವೆ ಸಾಲಾಗಿ ನಿಂತಿದ್ದವು. ಪಕ್ಕದ ಕೋಶದಲ್ಲಿ ಪ್ರತಿಯೊಂದೂ ಉದ್ದಕ್ಕೆ ಸೀಳಿ, ಒಂದು ಪಾಲು ಆ ತುದಿಗೆ, ಇನ್ನೊಂದು ಈ ತುದಿಗೆ ಹೊರಟಿತ್ತು. ಕಣ್ಣು ಮಂಜಾಗಿ ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ನೋಡಿದೆ.

ಪರೀಕ್ಷೆಗೆ ಅಷ್ಟೇ ಸಾಕಿತ್ತು. ಆದರೆ ಕೆಲವು ಕೋಶಗಳಲ್ಲಿ ಮಿಕ್ಕವೆಲ್ಲ ಸಾಲಿನಲ್ಲಿದ್ದು ಒಂದು ಮಾತ್ರ ದೂರ ಮೂಲೆಯಲ್ಲಿತ್ತು. ಅಂಥ ಕಡೆ ಒಂದಾದರೂ ಸೀಳಿ ಹೊರಟಿರಲಿಲ್ಲ. ಅಧಿಕಾರಿಗೆ ತೋರಿಸಿ, "ಇದಕ್ಕೋಸ್ಕರ ಮಿಕ್ಕವು ಕಾಯ್ತಿವೆ ಸಾರ್" ಅಂದೆ.

"ನೀನು ನೋಡ್ತಿರೋದು ಸತ್ತ ಕೋಶ. ಕಾಯ್ತಿವೆ ಅನ್ನೋದು ನಿನ್ನ ಊಹೆ."

ಅವರು ಹೇಳಿದ್ದು ಸರಿ. ಹಾಗಾದರೆ ಇನ್ನೂ ನೋಡುತ್ತೇನೆ ಎಂದುಕೊಂಡೆ. ಆ ಮಳೆಗಾಲವೆಲ್ಲ, ಒಂದನ್ನು ಹಿಂದೆ ಬಿಟ್ಟು ಮಿಕ್ಕವು ಹೊರಟಿರುವ ಕೋಶಕ್ಕಾಗಿ ಹುಡುಕಿದೆ. ಸಿಗಲಿಲ್ಲ.

ನನ್ನ ಹಟ ನೋಡಿ ಅವರೇ ಒಂದು ದಿನ ಸಣ್ಣ ಸೀಸೆ ತಂದಿಟ್ಟರು. ಕಬ್ಬಿನ ಸಸಿಗಳ ಮೇಲೆ ಪ್ರಯೋಗಕ್ಕೆ ತರಿಸಿದ ಕಾಲ್ಚಿಸಿನ್ ಎಂಬ ವಿಷ. ವರ್ಣತಂತುಗಳನ್ನು ಎರಡು ತುದಿಗೆ ಎಳೆಯುವ ನವಿರು ಎಳೆಗಳನ್ನು ಅದು ಕಟ್ಟಗೊಡುವುದಿಲ್ಲ. ಬೆಳಿಗ್ಗೆ ಅದರಲ್ಲಿ ಬೇರು ಅದ್ದಿಟ್ಟು ಮಧ್ಯಾಹ್ನ ನೋಡಿದೆವು. ಸಾಲೇ ಇಲ್ಲ. ದಪ್ಪಗಾದ ವರ್ಣತಂತುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಒಂದೂ ತುದಿ ಸೇರಿರಲಿಲ್ಲ.

"ಎಳೆ ಸಿಕ್ಕದೆ ಇವು ಹೊರಡಲ್ಲ, ಅಷ್ಟಂತೂ ನಿಜ" ಅಂದರು. "ಒಂದು ಆಚೆ ಇದ್ರೆ ಮಿಕ್ಕವು ಯಾಕೆ ನಿಲ್ತವೆ ಅಂತ ನನ್ನ ಕೇಳಬೇಡ. ನನಗೂ ಗೊತ್ತಿಲ್ಲ."

ಯಾಕೆಂಬುದು ತಿಳಿದದ್ದು ಎಷ್ಟೋ ವರ್ಷಗಳ ನಂತರ, ನನ್ನ ತಲೆ ನರೆತ ಮೇಲೆ. ಎರಡೂ ಕಡೆಯ ಎಳೆ ಸರಿಯಾಗಿ ಹಿಡಿಯದ ವರ್ಣತಂತು ಒಂದೇ ಇದ್ದರೂ ಅದು 'ತಡೆ' ಎಂಬ ಸಂಕೇತ ಹೊರಡಿಸುತ್ತದಂತೆ. ಅದು ನಿಲ್ಲುವವರೆಗೆ ಪ್ರತಿಯೊಂದರ ಎರಡು ಪಾಲನ್ನೂ ಒಟ್ಟಿಗೆ ಕಟ್ಟಿಹಿಡಿದ ಬೆಸುಗೆ ಬಿಡುವುದಿಲ್ಲವಂತೆ. ಅವಸರಪಟ್ಟರೆ ಒಂದು ಕೋಶಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ; ಅದರಿಂದ ಕಾಯಿಲೆ. ಅದನ್ನು ಓದಿದ ದಿನ ನಾನು ಕಿಟಕಿಯಲ್ಲಿ ಒಂದು ಲೋಟ ನೀರಿಟ್ಟು ಈರುಳ್ಳಿ ಕೂರಿಸಿದೆ.

ಮರುಪರೀಕ್ಷೆಗೆ ಬೇರೆ ಪರೀಕ್ಷಕರು ಬಂದಿದ್ದರು. ನನ್ನ ಗಾಜು ನೋಡಿ ತಲೆದೂಗಿ, "ಎಲ್ಲ ಒಟ್ಟಿಗೇ ಯಾಕೆ ಹೊರಡ್ತವೆ?" ಎಂದು ಕೇಳಿದರು.

"ಗೊತ್ತಿಲ್ಲ ಸಾರ್. ಆದರೆ ಒಂದು ಸಾಲಿನಾಚೆ ಇದ್ದಾಗ ಮಿಕ್ಕವು ಹೊರಟಿದ್ದನ್ನ ನಾನು ಕಂಡಿಲ್ಲ."

"ಎಷ್ಟು ನೋಡಿದ್ದೀಯ?"

"ಒಂದು ಮಳೆಗಾಲ ಪೂರ್ತಿ."

ಅವರು ಅಂಕ ಬರೆದುಕೊಂಡು ಪಕ್ಕದ ಮೇಜಿಗೆ ಹೋದರು. ಪಾಸಾದೆ.

ಅಷ್ಟರಲ್ಲಿ ಮದ್ದೂರಿನವರು ಬೇರೆ ಹೆಣ್ಣು ತಂದುಕೊಂಡಿದ್ದರು. ಅವ್ವ ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದಳು. ನನಗೆ ಮಳವಳ್ಳಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಬಸ್ಸು ಹತ್ತಿಸಲು ಅಪ್ಪನೇ ಬಂದರು. ಪೆಟ್ಟಿಗೆಯನ್ನು ಮೇಲೆ ಕಟ್ಟಿಸಿ, ಹಗ್ಗ ಜಗ್ಗಿ ನೋಡಿ, ಕಿಟಕಿಯ ಹತ್ತಿರ ನಿಂತರು.

"ಒತ್ತೊತ್ಗೆ ಉಣ್ಣವ್ವ" ಅಂದರು. "ಪಾಠ ಚೆಂದಾಗ್ ಮಾಡು."