ವಾಮನರಾಯರು ಇಟ್ಟ ಕುರ್ಚಿ

ವಾಮನರಾಯರ ಒಂದು ಹುಬ್ಬು ಮೇಲೇರಿದರೆ ಮನೆಯ ಹೆಂಗಸರೆಲ್ಲ ನಗುತ್ತಿದ್ದರು. ನನ್ನ ಎರಡೂ ಹುಬ್ಬು ಏರಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅವರನ್ನು ಕಂಡರೆ ನನಗೆ ಹೊಟ್ಟೆಯುರಿ, ಮುಚ್ಚಿಡುವುದೇನಿದೆ?

ರಾಯರು ಹರಿಹರದವರು. ಮುಂಬಯಿಯಲ್ಲಿ ಮೂಕಿ ಚಿತ್ರಗಳ ನಟರಾಗಿದ್ದರು. ಸಿನಿಮಾಕ್ಕೆ ಮಾತು ಬಂತು, ಇವರ ಕೀರಲು ದನಿ ಯಾರಿಗೂ ಬೇಡವಾಯಿತು. ಸ್ಟುಡಿಯೋದಲ್ಲೇ ಸೆಟ್ಟು ಜೋಡಿಸುವುದನ್ನು ಕಲಿತು ಊರಿಗೆ ಮರಳಿ, ಅನುಕೂಲಸ್ಥರ ಮನೆಯ ಒಳಾಂಗಣ ಸಿಂಗರಿಸುವ ಕೆಲಸ ಹಿಡಿದರು. ಐವತ್ತರ ದಶಕದಲ್ಲಿ ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಮಾಡಿ ಹೊಸ ಮನೆ ಕಟ್ಟಿಸಿದ ನಾನೂ ಅವರನ್ನು ಕರೆಸಿದೆ. ಹೆಂಡತಿ ಗಿರಿಜೆ ಮನೆ ನೋಡಿ ಒಮ್ಮೆ ‘ಚಲೋ ಐತ್ರಿ’ ಅನ್ನಲಿ ಎಂಬುದಷ್ಟೇ ನನ್ನಾಸೆ.

ರಾಯರು ಅಳತೆಪಟ್ಟಿ ಮುಟ್ಟಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಕೂತು ನಾವು ಓಡಾಡುವುದನ್ನೇ ನೋಡಿದರು. ಆಮೇಲೆ ಎದ್ದು, ತುಟಿ ಬಿಚ್ಚದೆ, ನಮ್ಮನ್ನೇ ಅಭಿನಯಿಸಿ ತೋರಿಸಿದರು. ಮೊದಲು ನಾನು: ಹೊಟ್ಟೆ ಮುಂದೆ, ರುಮಾಲು ಸೋಫಾದ ಮೇಲೆ, ಕಾಫಿಗೆ ಚಪ್ಪಾಳೆ. ಆಮೇಲೆ ಗಿರಿಜೆ: ಅಡುಗೆಮನೆಯ ಬಾಗಿಲಿಗೆ ಒರಗಿ, ಸೆರಗು ಹಿಡಿದು, ಬಂದವರ ಮಾತಿಗೆ ಕಿವಿಗೊಟ್ಟು ನಿಲ್ಲುವುದು. ಗಿರಿಜೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನೆದುರು ಒಂದು ದಿನವಾದರೂ ಹಾಗೆ ನಕ್ಕಿದ್ದಳೇ!

ಆ ಬಾಗಿಲ ಪಕ್ಕಕ್ಕೆ ರಾಯರು ಒಂದು ಬೆತ್ತದ ಕುರ್ಚಿ ಇಟ್ಟು, ಅವಳತ್ತ ಕೈ ಚಾಚಿ ‘ಕೂಡ್ರಿ’ ಎಂದು ಸನ್ನೆ ಮಾಡಿದರು.

‘ಏನ್ರಿ ರಾಯರೇ, ಹೆಂಗಸರು ಪಡಸಾಲ್ಯಾಗೆ ಕೂಡೋದು ನಮ್ಮನ್ಯಾಗಿಲ್ಲ’ ಅಂದೆ.

‘ಸಾವ್ಕಾರ್ರೇ, ಅವ್ರು ನಿಂತಿದ್ದು ನೋಡಿ ನೋಡಿ ನನ್ ಕಾಲು ನೋಯ್ತಾವೆ’ ಅಂದರು.

ಗಿರಿಜೆ ಕೂತೇಬಿಟ್ಟಳು. ರಾಯರು ಹೋದ ಮೇಲೆ, ‘ಕುರ್ಚಿ ಚಲೋ ಐತ್ರಿ’ ಅಂದಳು. ಕುರ್ಚಿಯಂತೆ! ಮನೆಯ ಮಾತೇ ಇಲ್ಲ.

ಅಲ್ಲಿಂದಾಚೆ ರಾಯರು ಆಗೀಗ ಬರುವರು, ಸನ್ನೆಯಲ್ಲೇ ಅವಳ ಕುಶಲ ಕೇಳುವರು. ಅವಳದೂ ಸನ್ನೆಯ ಉತ್ತರ. ಒಬ್ಬರೊಡನೊಬ್ಬರು ಒಂದು ಮಾತೂ ಆಡಿದವರಲ್ಲ. ಆಡಿದ್ದರೆ ನಾನೂ ಕೇಳಿಸಿಕೊಳ್ಳಬಹುದಿತ್ತು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ರಾಯರ ಕಣ್ಣು ಹೋಯಿತೆಂದು ಸುದ್ದಿ ಬಂತು. ಇಬ್ಬರೂ ಹರಿಹರಕ್ಕೆ ಹೋದೆವು. ಅದೇ ಕಡೆಯ ಭೇಟಿ.

‘ಹೆಂಗಿದೀರ್ರಿ ರಾಯರೇ?’ ಅಂದೆ.

‘ಓಹೋ, ಸಾವ್ಕಾರ್ರು! ಬರ್ರಿ, ಕೂಡ್ರಿ’ ಅಂದರು ತಟ್ಟನೆ.

ಗಿರಿಜೆ ಎಂದಿನಂತೆ ಕೈ ಎತ್ತಿದಳು. ಅವರು ಸುಮ್ಮನೆ ಗೋಡೆಯ ಕಡೆಗೇ ಮುಖ ಮಾಡಿದ್ದರು. ಆಗ ಮೆಲ್ಲಗೆ, ‘ಆರಾಮಿದೀರೇನ್ರಿ?’ ಅಂದಳು.

‘ಯಾರವ್ವಾ ನೀವು?’

ಅವಳು ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ತಿರುಗಿಸಿ ಅಳುತ್ತಿದ್ದಳು. ನನ್ನ ದನಿಯ ಗುರುತು ಹಿಡಿದರಲ್ಲ, ಗೆದ್ದೆ ಅಂದುಕೊಳ್ಳಬೇಕಿತ್ತು. ಆದರೆ ನಾನು ಕುರುಡಾದರೆ ಇವಳು ಇಷ್ಟು ಅತ್ತಾಳೇ ಅನ್ನಿಸಿ, ಆ ಮುದುಕನ ಹೋದ ಕಣ್ಣಿನ ಮೇಲೂ ಹೊಟ್ಟೆ ಉರಿಯಿತು.