ಹಸಿರಾಯಿತು, ಯಾವುದರಿಂದಲೋ ಗೊತ್ತಿಲ್ಲ

ಬೆಳಕು ಹರಿಯುವ ಹೊತ್ತು. ಮೂಲೆಮನೆಯ ಹುಲ್ಲುಹಾಸಿನ ಮೇಲೆ ಹುಲ್ಲಕ್ಕ ಮಂಡಿಯೂರಿ ಕೂತಿದ್ದಾರೆ. ಒಂದು ಎಸಳು ಕಿತ್ತು ತಿರುಗಿಸಿ ನೋಡುತ್ತಾರೆ. ಬುಡ ಹಸಿರು, ತುದಿ ಹಳದಿ. "ಹೊಟ್ಟೆಗೆ ಸಾಲ್ದೆ ಹಿಂಗಾಯ್ತೋ, ಹೆಚ್ಚಾಗಿ ಹಿಂಗಾಯ್ತೋ? ಇದು ಬಾಯಿ ಬಿಟ್ಟು ಹೇಳಲ್ವಲ್ಲ!"

ಈ ಬೀದಿಯ ಮುಕ್ಕಾಲು ಪಾಲು ಅಂಗಳಗಳು ಅವರ ಕೈಯಲ್ಲೇ ಹಸಿರಾಗಿವೆ. ನಿಜವಾದ ಹೆಸರು ಯಾರೂ ಕೇಳಿಲ್ಲ, ಎಲ್ಲರಿಗೂ ಹುಲ್ಲಕ್ಕ. ಮೊದಲು ಇದು ಗಂಡನ ಕೆಲಸವಾಗಿತ್ತು. ಕೊಂಬೆ ಸವರುವಾಗ ಅವರು ಏಣಿಯಿಂದ ಬಿದ್ದು ಸೊಂಟ ಹಿಡಿದುಕೊಂಡಿತು. ಕತ್ತರಿ ಹೆಂಡತಿಯ ಕೈಗೆ ಬಂತು. ಕತ್ತರಿಸುವುದು, ನೀರುಣಿಸುವುದು, ಕಳೆ ಕೀಳುವುದು ಬೇಗ ಕೈಗೆ ಹತ್ತಿತು. ಗೊಬ್ಬರ ಮಾತ್ರ ಇವತ್ತಿಗೂ ಕಬ್ಬಿಣದ ಕಡಲೆ.

ಮೂಲೆಮನೆಯ ಮೇಷ್ಟ್ರ ಮಗಳು ಅಪಘಾತದಲ್ಲಿ ಕಾಲು ಮುರಿದುಕೊಂಡಿದ್ದಳು. ಈಗ ದಿನಾ ಬೆಳಿಗ್ಗೆ ಅಪ್ಪನ ಕೈ ಹಿಡಿದು, ಇದೇ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಲು ಕಲಿಯುತ್ತಿದ್ದಾಳೆ. ಅಷ್ಟರಲ್ಲಿ ಹುಲ್ಲಿನ ನಡುವೆ ಉದ್ದಕ್ಕೂ ಒಂದು ಹಳದಿ ಪಟ್ಟಿ ಎದ್ದಿದೆ. "ಈ ತಿಂಗಳು ಸರಿಹೋಗ್ದಿದ್ರೆ ಕಿತ್ತು ಟೈಲ್ಸ್ ಹಾಕಿಸಿಬಿಡ್ತೀನಿ," ಎಂದು ಮೇಷ್ಟ್ರು ಹೇಳಿಬಿಟ್ಟಿದ್ದಾರೆ. "ಟೈಲ್ಸ್ ಮೇಲೆ ನಾನು ಕಾಲಿಡಲ್ಲಪ್ಪ, ಜಾರಿದ್ರೆ?" ಎಂದು ಮಗಳು ಮುಖ ಊದಿಸಿಕೊಂಡಿದ್ದಾಳೆ.

ಹುಲ್ಲಕ್ಕ ಸಲಹೆ ಕೇಳಲು ಹೊರಟರು. ಯೂರಿಯಾ ಎರಚಿದರೆ ವಾರದಲ್ಲೇ ಹಸಿರು ಎಂದ ಗೊಬ್ಬರದ ಅಂಗಡಿಯವನು. ಯೂರಿಯಾ ಹುಲ್ಲನ್ನು ಸುಟ್ಟುಬಿಡುತ್ತದೆ, ಎರೆಗೊಬ್ಬರವೇ ಸರಿ ಎಂದರು ಪಕ್ಕದ ಮನೆಯ ಅಜ್ಜಿ. ಮಲಗಿದಲ್ಲಿಂದಲೇ ಗಂಡ, "ಪೊಟ್ಯಾಷ್ ಕಣೇ, ಪೊಟ್ಯಾಷ್!" ಎಂದು ಕೂಗಿದರು. "ಎಲ್ಲರ ಮಾತೂ ಕೇಳಿ ನನ್ನ ತಲೆ ಮೊಸರು ಗಡಿಗೆ ಆಗೋಯ್ತು," ಎನ್ನುತ್ತಾರೆ ಹುಲ್ಲಕ್ಕ.

ಕೊನೆಗೆ ಹಳದಿ ಪಟ್ಟಿಯಲ್ಲೇ ಕಡ್ಡಿ ನೆಟ್ಟು ನಾಲ್ಕು ಚೌಕ ಮಾಡಿದರು. ಯಾರೂ ತುಳಿಯಬಾರದೆಂದು ಹೇಳಿ, ಕವಲುಗೋಲಿನ ಚೂಪು ಮೊನೆಗಳಿಂದ ನೆಲ ಚುಚ್ಚಿ ಸಡಿಲಿಸಿದರು. ಒಂದಕ್ಕೆ ಚಿಟಿಕೆ ಯೂರಿಯಾ, ಒಂದಕ್ಕೆ ಎರೆಗೊಬ್ಬರ, ಒಂದಕ್ಕೆ ಪೊಟ್ಯಾಷ್. ನಾಲ್ಕನೆಯದಕ್ಕೆ ಬರೀ ನೀರು. ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು.

ಎರಡು ವಾರ ಕಳೆದು ಇವತ್ತು ಬಂದು ನೋಡಿದರೆ ನಾಲ್ಕೂ ಹಸಿರು! ಯೂರಿಯಾದ್ದು ಒಂದು ಕೈ ಹೆಚ್ಚು ಕಡು ಹಸಿರು, ಅಷ್ಟೇ. ಏನೂ ಹಾಕದ ಚೌಕವೂ ನಳನಳಿಸುತ್ತಿದೆ. ಹುಲ್ಲಕ್ಕ ತಲೆ ಮೇಲೆ ಕೈಹೊತ್ತು ಕೂರುತ್ತಾರೆ.

"ಹಾಗಾದ್ರೆ ಯಾವ ಗೊಬ್ಬರ ಹುಲ್ಲಕ್ಕ?" ಮೇಷ್ಟ್ರು ಕೇಳುತ್ತಾರೆ.

"ನಂಗೂ ತಿಳೀತಿಲ್ಲ ಮೇಷ್ಟ್ರೇ. ನೀವಿಬ್ರೂ ದಿನಾ ನಡೆಯೋ ದಾರೀನೇ ಹಳದಿಯಾಗಿದ್ದು. ತುಳಿದು ತುಳಿದು ನೆಲ ಗಟ್ಟಿಯಾಗಿತ್ತೋ ಏನೋ. ಚುಚ್ಚಿದ್ದಕ್ಕೆ ಚಿಗುರಿತೋ, ತುಳೀದೆ ಬಿಟ್ಟಿದ್ದಕ್ಕೆ ಚಿಗುರಿತೋ, ದೇವರಿಗೇ ಗೊತ್ತು."

ಮಗಳ ಮುಖ ಬಾಡುತ್ತದೆ. "ಅಂದ್ರೆ ನಾನು ನಡೀಬಾರ್ದಾ?"

"ಛೇ ಛೇ, ನಡೀಬೇಕು ತಾಯಿ! ದಿನಕ್ಕೊಂದು ಕಡೆ ನಡಿ. ನಿನ್ನ ಹಿಂದೆ ನಾನು ಚುಚ್ಕೊಂಡು ಬರ್ತೀನಿ. ಗೊಬ್ಬರದ ವಿಷ್ಯ ಆಮೇಲೆ ನೋಡಿದ್ರಾಯ್ತು."

ಮಗಳು ಅಪ್ಪನ ಕೈ ಹಿಡಿದು ಗೋಡೆ ಬದಿಯ ಹುಲ್ಲಿಗೆ ಕಾಲಿಡುತ್ತಾಳೆ. ಟೈಲ್ಸಿನ ಮಾತು ಮೇಷ್ಟ್ರ ಬಾಯಲ್ಲಿ ಬರುವುದಿಲ್ಲ. ಹುಲ್ಲಕ್ಕ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಾರೆ.

"ಯಾವುದು ಹಾಕಿದ್ರೆ ಬದುಕುತ್ತೆ ಅಂತ ಗಟ್ಟಿಯಾಗಿ ಹೇಳೋಕೆ ನಂಗಿನ್ನೂ ಬರಲ್ಲ. ಆದ್ರೆ ನನ್ನ ಕೈಗೆ ಬಂದ ಒಂದು ಅಂಗಳಾನೂ ಸಾಯೋಕೆ ಬಿಟ್ಟಿಲ್ಲ ನೋಡಿ."