ಹಲಸಿನ ಬುಡದ ಕಾಲುಗಳು

ಹಟ ಹಿಡಿದು ಮಾಡಿಸಿದ್ದು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಮ್ಮನೆಯವರ ತಲೆಗೆ ಕಟ್ಟುವುದು ಬೇಡ.

ಮರವಂತೆಯ ಕಡಲ ಬದಿಯ ನಮ್ಮ ಮನೆಯಲ್ಲಿ ಎಲ್ಲರೂ ನೆಲಕ್ಕೆ ಮಣೆ ಹಾಕಿ ಉಣ್ಣುತ್ತಿದ್ದೆವು. ಮಂಡಿ ಹೋದ ಮೇಲೆ ಅತ್ತೆ ಒಬ್ಬರೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆ ನೋಡುತ್ತ ಉಣ್ಣತೊಡಗಿದರು. ಊಟದ ಮೇಜು ಆಗಲೇಬೇಕು ಎಂದೆ. ಅಂಗಡಿಯದ್ದು ಬೇಡ. ಬ್ರಹ್ಮಾವರದ ನಾದಿನಿಯ ಮನೆಯಲ್ಲಿ ಅಂಗಡಿಯ ಮೇಜು ಒಂದೇ ಮಳೆಗಾಲಕ್ಕೆ ಉಬ್ಬಿ, ಅಂಚಿನ ಹಾಳೆ ಎದ್ದು ಬಂದಿತ್ತು. ಥೂ, ಅಂಥದ್ದು ಯಾರಿಗೆ ಬೇಕು! ನಮ್ಮ ಹಿತ್ತಲಿನ ಹಲಸಿನ ಗಟ್ಟಿ ಮರದ್ದೇ ಆಗಬೇಕು.

ಆ ಹಲಸು ಅಡುಗೆಮನೆಯ ಪಡುಗೋಡೆಯಿಂದ ನಾಲ್ಕೇ ಹೆಜ್ಜೆಯಲ್ಲಿತ್ತು. ಅದರಾಚೆ ಒಂದಿಷ್ಟು ತೆಂಗು, ಕಲ್ಲಿನ ತಡೆಗೋಡೆ, ಆಮೇಲೆ ಕಡಲು. ಹೇಗೂ ಒಂದು ದಿನ ಕಡಲೇ ಕೊಂಡುಹೋಗುವ ಮರ ಎಂದುಕೊಂಡಿದ್ದೆ. ಕೋಟದಿಂದ ಬಂದ ಆಚಾರಿ ಮಾತ್ರ ಮರಕ್ಕಿಂತ ಹೆಚ್ಚು ಹೊತ್ತು ಕಡಲನ್ನೇ ನೋಡಿದರು.

"ಮರ ಬೇಕಾರೆ ಕಡ್ಸಿ ಅಕ್ಕ. ಬುಡ ಮಾತ್ರ ತೆಗುಕಾಗ. ಮಣ್ಣ್ ಹಿಡ್ಕಂಡದ್ದ್ ಅದೇ."

"ಮತ್ತೆ ಟೇಬಲ್ ಕಾಲಿಗೆಂತ ಮಾಡುದ್?"

"ಬೇರೆ ಮರ ಹಾಕ್ವ."

ಅಲ್ಲೇ ನಾನು ಎಡವಿದ್ದು. ಬುಡದ ಮರದಷ್ಟು ಗಟ್ಟಿ ಬೇರೆ ಯಾವುದಿದೆ? ನಮ್ಮ ಮನೆಯ ಮಣೆಗಳೆಲ್ಲ ಒಂದೇ ಮರದವು, ಮೇಜೂ ಹಾಗೇ ಇರಲಿ ಎಂಬ ಹುಚ್ಚು ಬೇರೆ. "ಎಲ್ಲ ಒಂದೇ ಮರದ್ದ್ ಆಯ್ಕ್ ಆಚಾರ್ರೆ" ಎಂದೆ. ಅವರು ಅಳತೆಪಟ್ಟಿ ತೆಗೆದು ಮರದ ಸುತ್ತಳತೆ ಹಿಡಿದರು.

ಜೇಸಿಬಿ ಬಂತು. ಬುಡ ಕೀಳುವಾಗ ಗೋಡೆಯ ಅಡಿಯಿಂದ ತೊಡೆಗಾತ್ರದ ಒಂದು ಬೇರು ಹೊರಗೆ ಬಂತು. ಒಳಗೆ ನಿಂತಿದ್ದ ನನ್ನ ಅಂಗಾಲಿಗೆ ನೆಲ ನಡುಗಿದ್ದು ಗೊತ್ತಾಯಿತು. ಗುಂಡಿಗೆ ಮರಳು ಸುರಿಸಿದೆವು. ಸುರಿದಷ್ಟೂ ಇಳಿಯಿತು. ಅತ್ತೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು.

"ಎಷ್ಟ್ ಹೊಯ್ಗಿ ಹಾಕ್ರೂ ತುಂಬುದಿಲ್ಲ ಅಲ್ದಾ ಹೆಣ್ಣೆ?"

ನನಗೆ ಸಿಟ್ಟು ಬಂತು. ಈಗ ನೆನೆದರೆ ಹೆದರಿಕೆಯಾಗುತ್ತದೆ.

ಹಲಗೆ ಒಣಗಲು ಒಂದು ವರ್ಷ ಹಿಡಿಯಿತು. ಆಮೇಲೆ ಆಚಾರಿ ನಮ್ಮ ಚಾವಡಿಯಲ್ಲೇ ಕೂತು, ಒಂದೂ ಕಬ್ಬಿಣದ ಮೊಳೆ ಹೊಡೆಯದೆ, ಮರದ ಬೆಣೆಯಲ್ಲೇ ಮೇಜು ಕೂಡಿಸಿದರು. ಎಂಥ ಕೆಲಸ ಅಂತೀರಿ! ಅಡುಗೆಮನೆಯಲ್ಲಿ ಅದನ್ನಿಟ್ಟು ಮೊದಲ ದಿನ ಬಂಗುಡೆ ಸಾರು ಬಡಿಸಿದಾಗ, ಪಡುತುದಿಯಲ್ಲಿ ಕೂತ ಅತ್ತೆ ಎಲ್ಲರ ಮುಖ ನೋಡಿ ನೋಡಿ ನಕ್ಕರು. ನನ್ನ ಹೊಟ್ಟೆ ತುಂಬಿತು.

ಈ ಸಲದ ಮಳೆ ಶುರುವಾದ ಮೇಲೆ ಅತ್ತೆ ಒಂದು ಮಧ್ಯಾಹ್ನ ಹೇಳಿದರು, "ಬಟ್ಲಂಗೆ ಸಾರೆಲ್ಲ ನನ್ ಬದಿಗೇ ಬತ್ತ್."

ಬಟ್ಟಲು ಸೊಟ್ಟಗಿದೆ ಎಂದು ಬದಲಿಸಿದೆ. ಮರುದಿನವೂ ಹಾಗೇ. ಪಡುಬದಿಯ ಕಾಲುಗಳ ಅಡಿಗೆ ರಟ್ಟು ಮಡಿಸಿ ಇಟ್ಟೆ. ವಾರ ಕಳೆದು ಇನ್ನೊಂದು. ಮೂರನೆಯ ರಟ್ಟು ಇಡುವಾಗ ಆ ಗುಂಡಿ ನೆನಪಾಯಿತು. ಆದರೂ ಫೋನಿನಲ್ಲಿ ಕೂಗಾಡಿದ್ದು ಆಚಾರಿಯ ಮೇಲೆ. "ಹ್ವಾಯ್ ಆಚಾರ್ರೆ, ನಿಮ್ ಟೇಬಲ್ ವಾಲಿತ್ ಮಾರಾಯ್ರೆ, ಬಂದ್ ಕಾಣಿ!"

ಬಂದವರು ರಟ್ಟುಗಳನ್ನೆಲ್ಲ ತೆಗೆದು, ರಸಮಟ್ಟವನ್ನು ಮೇಜಿನ ಮೇಲಿಟ್ಟರು. ಗಾಜಿನೊಳಗಿನ ಗುಳ್ಳೆ ಎತ್ತರವಾಗಿದ್ದ ಮೂಡುಬದಿಗೆ ಓಡಿತು. ಆಮೇಲೆ ಅದನ್ನು ನೆಲದ ಮೇಲಿಟ್ಟರು. ಗುಳ್ಳೆ ಅಲ್ಲೂ ಅಷ್ಟೇ ಓಡಿತು.

"ಟೇಬಲಿಗೆಂತದೂ ಆಯ್ಲಿಲ್ಲ ಅಕ್ಕ. ನಿಮ್ ಮನಿ ಕಡಲ್ ಬದಿಗೆ ಇಳೀತಾ ಇತ್ತ್."

ಹೇಳಿ, ಬುಡದ ಮರದ ಆ ಕಾಲನ್ನು ಒಮ್ಮೆ ಸವರಿದರು. ಬೈದಿದ್ದರೆ ವಾಸಿಯಿತ್ತು. ಹೊರಗೆ ತೆರೆ ಕಲ್ಲಿಗೆ ಬಡಿಯುತ್ತಿತ್ತು. ನಮ್ಮನೆಯವರು ಗೋಡೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕಿಗೆ ಬೆರಳಿಟ್ಟು ನೋಡುತ್ತ ನಿಂತರು.

"ಅತ್ತೆ, ಈ ಬದಿಗೆ ಬಂದು ಕೂಕಣಿ" ಎಂದೆ. ಮೂಡುತುದಿಯ ಕುರ್ಚಿ ಎಳೆದು ಕೊಟ್ಟೆ.

ಅವರು ಏಳಲಿಲ್ಲ. "ಎಲ್ರೂ ಒಟ್ಟಿಗ್ ಉಂಬುಕೆ ಅಲ್ದಾ ನೀ ಮಾಡ್ಸದ್? ಇಪ್ಪಷ್ಟ್ ದಿನ ಉಂಬ. ಬಡ್ಸ್."

ಬಡಿಸಿದೆ. ಸಾರು ಅವರ ಕಡೆಗೇ ಹರಿಯಿತು.